ದೊಡ್ಡ ಬೈಕೂ ಎಂಟನೆಯ ತರಗತಿಯ ವಿಜ್ಞಾನವೂ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಹೊರಬರಲಿರುವ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ದೂರವಾಣಿಯಲ್ಲಿ ಕೇಳಿಕೊಂಡರು. 'ವಿದೇಶದ ಅನುಭವ ಬರೆಯಿರಿ, ಶಾಲೆಯ ನೆನಪೂ ಬರಲಿ' ಎಂಬುದು ಅವರ ಅಪ್ಪಣೆ. ಶಾಲೆಯ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಊರಿನಲ್ಲಿಯೇ ಅನೇಕರಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಜರ್ಮನಿಯ ಮ್ಯೂನಿಕ್ ನಗರದ ಹೊರವಲಯದಲ್ಲಿ ನೆಲೆಸಿರುವ ನನಗೆ ಅಲ್ಲಿಯ ಬದುಕು ವಿದೇಶವೆಂದು ಅನ್ನಿಸುವುದೂ ಕಡಿಮೆಯಾಗಿದೆ. ಆದರೆ ಇವೆರಡೂ ಒಂದೇ ದಿನ, ಒಂದೇ ವಾಹನದ ಮೇಲೆ ಕೂಡಿಬಂದ ಪ್ರಸಂಗವೊಂದು 2022ರ ಜೂನ್ ತಿಂಗಳಿನಲ್ಲಿ ನಡೆಯಿತು. ಅದನ್ನೇ ಇಲ್ಲಿ ನಿರೂಪಿಸುತ್ತೇನೆ. ಮೋಟಾರು ಸೈಕಲ್ಲಿನ ವಿಷಯ ಶಾಲೆಯ ಸಂಚಿಕೆಗೆ ಸಲ್ಲುವುದೇ ಎಂದು ಸಂದೇಹಪಡುವ ಓದುಗರು ತುಸು ಸಹನೆಯಿಂದ ಮುಂದುವರಿಯಬೇಕೆಂದು ವಿನಂತಿ.

ನಾನು ಎಂಟನೆಯ ತರಗತಿಗೆ ಸೇರಿದ್ದು 1983ರಲ್ಲಿ. ಆಗ ನಮ್ಮ ತಾಲೂಕು ಕಣ್ಣೂರು ಜಿಲ್ಲೆಗೆ ಸೇರಿತ್ತು; ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು ಮರುವರ್ಷ, 1984ರ ಮೇ 24ರಂದು. ಅಚ್ಚಾದ ಕನ್ನಡ ಪಠ್ಯಪುಸ್ತಕ ನಮ್ಮ ಕೈಸೇರುವ ಮೊದಲೇ ವಿಜ್ಞಾನದ ಮಾಸ್ತರರು ಟಿಪ್ಪಣಿ ಬರೆಯಿಸಿ ಪಾಠ ಆರಂಭಿಸಿಬಿಡುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಹೇಳಬೇಕಾಗಿಲ್ಲ. ಆ ಕಾಲದ ವಿದ್ಯಾರ್ಥಿಗಳಿಗೆ ಅವರ ಯೆಜ್ಡಿ ಬೈಕಿನ ಸದ್ದೇ ಸಾಕು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕಾದ, ಎರಡು ಕೊಳವೆಗಳಲ್ಲಿ ನೀಲಿ ಹೊಗೆ ಬಿಡುವ ಆ ವಾಹನ ಶಾಲೆಯ ಅಂಗಳಕ್ಕೆ ಬಂದು ನಿಂತಿತೆಂದರೆ ನಮಗೆ ಮೊದಲ ಗಂಟೆ ಬಾರಿಸಿದಂತೆ. ಪ್ರಯೋಗಶಾಲೆ ಎಂದು ಹೇಳಿಕೊಳ್ಳಲು ಒಂದು ಕಪಾಟು ಮಾತ್ರ ಇದ್ದ ದಿನಗಳಲ್ಲಿ ಮಾಸ್ತರರು ಆ ಬೈಕನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದರು.

ಸನ್ನೆಯ ಪಾಠದ ದಿನ ಅವರು ತರಗತಿಯಲ್ಲಿಯೇ ಅತ್ಯಂತ ಸಣ್ಣವನಾಗಿದ್ದ ನನ್ನನ್ನು ಅಂಗಳಕ್ಕೆ ಕರೆದು, ಸುಮಾರು 140 ಕಿಲೋ ತೂಕದ ಆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸು ಎಂದರು. ನಾನು ಎರಡೂ ಕೈಗಳಿಂದ ಎತ್ತಲು ಹೊರಟಾಗ ತಡೆದು, "ಕೈಯಿಂದ ಎತ್ತಲಿಕ್ಕಲ್ಲ ಮಾರಾಯ, ಕಾಲಿಂದ ಮೆಟ್ಟಲಿಕ್ಕೆ. ಆನಿಕೆ ಎಲ್ಲಿ ಉಂಟು ಅಂತ ಮೊದಲು ನೋಡು" ಎಂದು ಹೇಳಿದರು. ಸ್ಟ್ಯಾಂಡಿನ ಎರಡು ಪಾದಗಳೂ ನೆಲಕ್ಕೆ ಸಮನಾಗಿ ತಾಗಿದ ಮೇಲೆ, ಅದರ ಬದಿಯ ಕಡ್ಡಿಯ ಮೇಲೆ ಒಂದು ಕಾಲಿಟ್ಟು ಮೈಯ ಭಾರವನ್ನೆಲ್ಲ ಹಾಕಿದೆ. ಬೈಕು ತಾನಾಗಿ ಹಿಂದಕ್ಕೆ ಸರಿದು ಎದ್ದು ನಿಂತಿತು. ಆನಿಕೆ, ಭಾರ, ಪ್ರಯತ್ನ ಎಂಬ ಮೂರು ಶಬ್ದಗಳನ್ನು ಅಂದಿನಿಂದ ಇಂದಿನವರೆಗೆ ನಾನು ಕಂಠಪಾಠ ಮಾಡಬೇಕಾಗಿ ಬಂದಿಲ್ಲ.

ಹೀಗೆ ಕಲಿತ ನಾವು 1986ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಉತ್ತೀರ್ಣರಾದೆವು. ಅನಂತರ ತಾಂತ್ರಿಕ ಶಿಕ್ಷಣ, ಬೆಂಗಳೂರಿನಲ್ಲಿ ಕೆಲವು ವರ್ಷಗಳ ಕೆಲಸ, ಆಮೇಲೆ ಜರ್ಮನಿಯ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಉದ್ಯೋಗ. ಈ ಕಥೆ ನಮ್ಮ ಅನೇಕ ಹಳೆ ವಿದ್ಯಾರ್ಥಿಗಳ ಕಥೆಯೇ ಆದುದರಿಂದ ವಿಸ್ತರಿಸುವುದಿಲ್ಲ.

ಜರ್ಮನಿಯಲ್ಲಿ ನೆಲೆಸಿದವರು ಆರು ತಿಂಗಳ ಬಳಿಕ ಭಾರತದ ಚಾಲನಾ ಪರವಾನಗಿಯಿಂದ ವಾಹನ ನಡೆಸುವಂತಿಲ್ಲ. ಲಿಖಿತ ಪರೀಕ್ಷೆಯನ್ನೂ ರಸ್ತೆಯ ಪರೀಕ್ಷೆಯನ್ನೂ ಹೊಸದಾಗಿ ಕೊಡಬೇಕು. ಮೋಟಾರು ಸೈಕಲ್ಲಿನ ಪರೀಕ್ಷೆಯಲ್ಲಿ ನಡಿಗೆಯ ವೇಗದಲ್ಲಿ ಕೋನಗಳ ನಡುವೆ ಹಾವಿನಂತೆ ಸಾಗಬೇಕು, ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿಯದೆ ಅಡ್ಡಿಯೊಂದನ್ನು ತಪ್ಪಿಸಿಕೊಳ್ಳಬೇಕು, ಅದೇ ವೇಗದಿಂದ ಗಕ್ಕನೆ ನಿಲ್ಲಿಸಿಯೂ ತೋರಿಸಬೇಕು. ಇದನ್ನೆಲ್ಲ ಮುಗಿಸಿ ನಾನು ಹತ್ತು ವರ್ಷ 650 ಸಿಸಿಯ ಒಂಟಿ ಸಿಲಿಂಡರಿನ ಹಳೆಯ ಬೈಕೊಂದನ್ನು ಓಡಿಸಿದೆ. ಮಕ್ಕಳು ದೊಡ್ಡವರಾಗಿ ಮನೆಯಿಂದ ಹೊರಟ ಮೇಲೆ, 'ನಾವಿಬ್ಬರೇ ಬೈಕಿನಲ್ಲಿ ಇಟಲಿಯವರೆಗೆ ಹೋಗಿಬರಬಹುದಲ್ಲ' ಎಂದು ನನ್ನ ಪತ್ನಿ ಸೂಚಿಸಿದಳು. ಇಬ್ಬರು, ಇಬ್ಬರ ಸಾಮಾನು, ದಿನಕ್ಕೆ ನಾಲ್ಕುನೂರು ಕಿಲೋಮೀಟರ್. ಅದಕ್ಕೆ ಹಳೆಯ ಬೈಕು ಸಾಲದು. ಐವತ್ತೆರಡನೆಯ ವಯಸ್ಸಿನಲ್ಲಿ ದೊಡ್ಡ ಬೈಕು ನನ್ನ ಹಿಡಿತಕ್ಕೆ ಬರುವುದೇ ಎಂಬುದೇ ಪ್ರಶ್ನೆಯಾಗಿತ್ತು. ಅದನ್ನು ತಿಳಿಯಲು ಇದ್ದ ಮಾರ್ಗ ಒಂದೇ: ಪರೀಕ್ಷಾ ಸವಾರಿ.

ದೂರ ಪ್ರಯಾಣಕ್ಕೆಂದೇ ನಿರ್ಮಿಸಿದರೂ ತಿರುವುಗಳಲ್ಲಿ ಪಂದ್ಯದ ಬೈಕಿನ ಚುರುಕನ್ನು ಬಿಟ್ಟುಕೊಡದ ವಾಹನಗಳಿಗೆ 'ಸ್ಪೋರ್ಟ್ ಟೂರರ್' ಎಂಬ ಹೆಸರಿದೆ. 1976ರಲ್ಲಿ ಬಿಎಂಡಬ್ಲ್ಯು ಸಂಸ್ಥೆ ಹೊರತಂದ ಆರ್ 100 ಆರ್‌ಎಸ್ ಈ ವರ್ಗದ ಹಿರಿಯಣ್ಣ. ಸವಾರನನ್ನು ಗಾಳಿಯಿಂದ ಕಾಪಾಡುವ ಅದರ ಹೊದಿಕೆಯನ್ನು ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಗಾಳಿಸುರಂಗದಲ್ಲಿ ಪರೀಕ್ಷಿಸಿ ರೂಪಿಸಿದ್ದರು. 1978ರಲ್ಲಿ ಇನ್ನೂ ವಿಶಾಲವಾದ ಹೊದಿಕೆಯ ಆರ್‌ಟಿ ಬಂದಿತು. ಹೋಂಡಾ, ಯಮಹಾ, ಕವಾಸಾಕಿ ಸಂಸ್ಥೆಗಳೂ ಮುಂದೆ ಇದೇ ದಾರಿಯಲ್ಲಿ ಒಳ್ಳೆಯ ವಾಹನಗಳನ್ನು ತಯಾರಿಸಿದವು. ನಾನು ಆರಿಸಿಕೊಂಡದ್ದು ಆ ಆರ್‌ಟಿ ವಂಶದ್ದೇ ಆದ ಆರ್ 1250 ಆರ್‌ಟಿ. (2025ರಲ್ಲಿ ಅದರ ಸ್ಥಾನಕ್ಕೆ ಆರ್ 1300 ಆರ್‌ಟಿ ಬಂದಿದೆ.) 1254 ಸಿಸಿಯ ಎಂಜಿನ್, 136 ಅಶ್ವಶಕ್ತಿ, 25 ಲೀಟರಿನ ಟ್ಯಾಂಕು, ಪೆಟ್ರೋಲು ತುಂಬಿದಾಗ 279 ಕಿಲೋ ತೂಕ. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಎಪ್ಪತ್ತು ಕಿಲೋದ ನಾಲ್ಕು ಗೋಣಿ ಅಡಿಕೆಯನ್ನು ಎರಡು ಚಕ್ರಗಳ ಮೇಲೆ ನಿಲ್ಲಿಸಿದಷ್ಟು.

ಶೋರೂಮಿನಲ್ಲಿ ಪರವಾನಗಿ ತೋರಿಸಿ, ಹಾನಿಯಾದರೆ ಇಷ್ಟು ಹಣ ನನ್ನ ಪಾಲಿಗೆ ಎಂಬ ಕರಾರಿಗೆ ಸಹಿ ಹಾಕಿದ ಮೇಲೆ ಅಲ್ಲಿಯ ಯುವಕ ಬೈಕನ್ನು ಅಂಗಳಕ್ಕೆ ತಂದು ಗುಂಡಿಗಳ ಪರಿಚಯ ಮಾಡಿಕೊಟ್ಟನು. ಗಾಳಿತಡೆಯ ಗಾಜನ್ನು ಏರಿಸುವ ಗುಂಡಿ, ಹಿಡಿಕೆಯನ್ನು ಬಿಸಿ ಮಾಡುವ ಗುಂಡಿ, ಮಳೆಗೊಂದು ಒಣ ರಸ್ತೆಗೊಂದು ಎಂಬಂತೆ ಎಂಜಿನ್ನಿನ ವರ್ತನೆಯನ್ನು ಬದಲಾಯಿಸುವ ಗುಂಡಿ. ಮೀಟರಿನ ಬದಲು ಹತ್ತಿಂಚಿಗೂ ಮಿಕ್ಕಿದ ಪರದೆ. ಇಷ್ಟೆಲ್ಲ ನೋಡಿ ನನ್ನ ಧೈರ್ಯ ಹೆಚ್ಚಾಗಲಿಲ್ಲ, ಕಡಿಮೆಯೇ ಆಯಿತು. ಕೊನೆಗೆ ಅವನು, "ಬಯಸಿದರೆ ಒಮ್ಮೆ ಸೆಂಟರ್ ಸ್ಟ್ಯಾಂಡಿಗೆ ಹಾಕಿ ನೋಡಿ, ಹಲವರಿಗೆ ಅದೇ ಭಯ" ಎಂದನು. ನಾನು ಕೆಳಗೆ ಬಗ್ಗಿ ನೋಡಿದೆ. ಎರಡು ಪಾದ, ಒಂದು ಕಡ್ಡಿ. ಯೆಜ್ಡಿಯ ಸ್ಟ್ಯಾಂಡಿಗಿಂತ ದಪ್ಪವೇ ಹೊರತು ಬೇರೆಯಲ್ಲ. ಪಾದಗಳು ಸಮನಾಗಿ ನೆಲಕ್ಕೆ ತಾಗಿದುದನ್ನು ಕಾಲಿನಲ್ಲಿಯೇ ತಿಳಿದು, ಮೈಭಾರವನ್ನು ಹಾಕಿ ಮೆಟ್ಟಿದೆ. ನಾಲ್ಕು ಗೋಣಿ ಅಡಿಕೆ ಸದ್ದಿಲ್ಲದೆ ಎದ್ದು ನಿಂತಿತು. ಯುವಕ ಆಶ್ಚರ್ಯದಿಂದ ಹುಬ್ಬೇರಿಸಿದನು. 'ಆನಿಕೆ' ಎಂಬ ಶಬ್ದವನ್ನು ಅವನಿಗೆ ಹೇಗೆ ವಿವರಿಸಲಿ!

ಎಂಜಿನ್ ಹೊತ್ತಿಸಿ, ನಿಂತಲ್ಲಿಯೇ ಒಮ್ಮೆ ಆಕ್ಸಿಲರೇಟರ್ ತಿರುಗಿಸಿದಾಗ ಇಡೀ ಬೈಕು ಒಂದು ಬದಿಗೆ ಮೆಲ್ಲನೆ ಮೈಯನ್ನು ಅಲ್ಲಾಡಿಸಿತು. ಈ ಎಂಜಿನ್ನಿನ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿವೆ; 1923ರ ಆರ್ 32ರಿಂದ ಬಂದ ವಿನ್ಯಾಸವಿದು. ಒಳಗಿನ ದಂಡ ಬೈಕಿನ ಉದ್ದಕ್ಕೂ ಮಲಗಿರುವುದರಿಂದ, ಅದು ಒಂದು ಕಡೆಗೆ ರಭಸವಾಗಿ ತಿರುಗಿದಾಗ ಬೈಕಿನ ಮೈ ಇನ್ನೊಂದು ಕಡೆಗೆ ವಾಲಲು ಹವಣಿಸುತ್ತದೆ. ಕ್ರಿಯೆಗೆ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ. ನ್ಯೂಟನ್ನನ ಮೂರನೆಯ ನಿಯಮವನ್ನು ಕೂತ ಜಾಗದಲ್ಲಿಯೇ ಅನುಭವಿಸಿದ ಹಾಗಾಯಿತು.

ನಗರದ ಮೊದಲ ಹತ್ತು ನಿಮಿಷ ಮೈಯೆಲ್ಲ ಬೆವರಿತು. ನಿಂತಿರುವಾಗ, ತೆವಳುವಾಗ ಆ ತೂಕವೆಲ್ಲ ಸವಾರನದೇ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿತೆಂದರೆ ಎಲ್ಲಿ ಹೋಯಿತೋ ತಿಳಿಯದು. ತಿರುಗುವ ಚಕ್ರಗಳೂ, ತುಸು ವಾಲಿದರೆ ವಾಲಿದ ಕಡೆಗೇ ತಿರುಗಿ ನೆಟ್ಟಗಾಗುವ ಮುಂಚಕ್ರವೂ ಸೇರಿ ಬೈಕನ್ನು ನಿಲ್ಲಿಸಿಕೊಳ್ಳುತ್ತವೆ. ಅನಂತರ ಮ್ಯೂನಿಕ್ಕಿನಿಂದ ಆಲ್ಪ್ಸ್ ಪರ್ವತದ ಕಡೆಗೆ ಹೋಗುವ ಎ 95 ಹೆದ್ದಾರಿ. ಅದರ ಬಹುಭಾಗದಲ್ಲಿ ವೇಗಕ್ಕೆ ಮಿತಿಯಿಲ್ಲ; ಗಂಟೆಗೆ 130 ಕಿ.ಮೀ. ಮೀರದಿರುವುದು ಒಳ್ಳೆಯದೆಂಬ ಸಲಹೆ ಮಾತ್ರ ಇದೆ. ನಾನು ಸಲಹೆಯನ್ನು ಪಾಲಿಸಿದೆ. ಗಾಳಿತಡೆ ಕೆಳಗಿದ್ದಾಗ ಎದೆಯ ಮೇಲೆ ಯಾರೋ ಅಂಗೈಯಿಟ್ಟು ನೂಕಿದಂತಿತ್ತು. ಗುಂಡಿಯೊತ್ತಿ ಗಾಜನ್ನು ಮೇಲೇರಿಸಿದೆ. ನೂಕಾಟ ನಿಂತಿತು, ಕೋಣೆಯ ಕಿಟಕಿ ಮುಚ್ಚಿದಂತೆ ಸದ್ದು ಅಡಗಿತು. ಗಾಳಿಯ ಎದುರೊತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: 65ರಲ್ಲಿ ಒಂದು ಪಾಲು ಇದ್ದರೆ 130ರಲ್ಲಿ ನಾಲ್ಕು ಪಾಲು. "ಇಮ್ಮಡಿ ಆದರೆ ನಾಲ್ಮಡಿ" ಎಂದು ಮಾಸ್ತರರು ಬೋರ್ಡಿಗೆ ಸುಣ್ಣದ ಕಡ್ಡಿಯಿಂದ ಕುಟ್ಟಿ ಹೇಳುತ್ತಿದ್ದುದು ಕಿವಿಯಲ್ಲಿ ಕೇಳಿಸಿತು. ಹೆಲ್ಮೆಟ್ಟಿನೊಳಗೆ ನಾನೂ ಗಟ್ಟಿಯಾಗಿ ಹೇಳಿದೆ. ಅಲ್ಲಿ ಕೇಳುವವರು ಯಾರಿದ್ದರು?

ಕೋಖೆಲ್ ಸರೋವರದ ಬಳಿಯಿಂದ ಕೆಸೆಲ್‌ಬೆರ್ಗ್ ಎಂಬ ಘಾಟಿ ಆರಂಭವಾಗುತ್ತದೆ. 1786ರಲ್ಲಿ ಇಟಲಿಗೆ ಹೊರಟ ಕವಿ ಗಯಟೆ ಈ ಮಾರ್ಗವಾಗಿಯೇ ಹೋಗಿದ್ದನು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿ ಬೆಟ್ಟವೇರುವ ವಾಹನಪಂದ್ಯಗಳು ನಡೆಯುತ್ತಿದ್ದವು. ಅಪಘಾತಗಳ ಕಾರಣದಿಂದ ಈಗ ವಾರಾಂತ್ಯಗಳಲ್ಲಿ ಏರುದಾರಿಯಲ್ಲಿ ಮೋಟಾರು ಸೈಕಲ್ಲುಗಳಿಗೆ ಪ್ರವೇಶವಿಲ್ಲ. ನಾನು ಹೋದದ್ದು ವಾರದ ನಡುವಿನ ದಿನ. ಒಂದು ಬದಿ ಬಂಡೆ, ಇನ್ನೊಂದು ಬದಿ ಮರಗಳಾಚೆ ಪ್ರಪಾತ, ನಡುವೆ ತಿರುವಿನ ಮೇಲೆ ತಿರುವು.

ದೊಡ್ಡ ಬೈಕು ತಿರುಗುವುದು ಹ್ಯಾಂಡಲ್ ತಿರುಗಿಸುವುದರಿಂದಲ್ಲ, ವಾಲುವುದರಿಂದ. ಬಲಕ್ಕೆ ಹೋಗಬೇಕಾದರೆ ಬಲಗೈಯ ಹಿಡಿಕೆಯನ್ನು ಕೊಂಚ ಮುಂದಕ್ಕೆ ಒತ್ತಬೇಕು. ಚಕ್ರ ಒಂದು ಕ್ಷಣ ಎಡಕ್ಕೆ ಸರಿಯುತ್ತದೆ, ಮೇಲಿನ ಭಾರ ಬಲಕ್ಕೆ ವಾಲುತ್ತದೆ, ಬೈಕು ಬಲಕ್ಕೆ ತಿರುಗುತ್ತದೆ. ಕೇಳಲು ವಿಚಿತ್ರವಾದರೂ ತೋಟದ ಕಟ್ಟದ ಮೇಲೆ ಸೈಕಲ್ ಬಿಟ್ಟ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಇದನ್ನು ತಿಳಿಯದೆಯೇ ಮಾಡಿದ್ದಾರೆ. ಎಷ್ಟು ವಾಲಬೇಕೆಂಬುದಕ್ಕೂ ಲೆಕ್ಕವಿದೆ. ಇಪ್ಪತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿ.ಮೀ. ವೇಗಕ್ಕೆ ಸುಮಾರು 27 ಡಿಗ್ರಿ ವಾಲಿದರೆ ಸಾಕು. ಅದೇ ತಿರುವಿಗೆ 54ರ ವೇಗದಲ್ಲಿ ಹೊಕ್ಕರೆ ಸುಮಾರು 49 ಡಿಗ್ರಿ ಬೇಕು. ಅದು ಪಂದ್ಯದ ಅಂಗಳಕ್ಕೆ ಸಲ್ಲುವ ಕೋನ, ಸಾರ್ವಜನಿಕ ರಸ್ತೆಗಲ್ಲ. ಒಂದೂವರೆ ಪಾಲು ವೇಗ ಮನುಷ್ಯನನ್ನು ಸುರಕ್ಷೆಯಿಂದ ಅಪಾಯಕ್ಕೆ ದಾಟಿಸಿಬಿಡುತ್ತದೆ.

ನಾಲ್ಕೈದು ತಿರುವುಗಳಾದ ಮೇಲೆ ಭಯ ಕಳೆದು ಒಂದು ಲಯ ಸಿಕ್ಕಿತು. ಕಣ್ಣು ತಿರುವಿನ ಹೊರದಾರಿಯನ್ನು ಹುಡುಕುವುದು, ಕೈ ಮೆಲ್ಲನೆ ಒತ್ತುವುದು, ಆ ಮಹಾಕಾಯ ಸಾಧು ಆನೆಯಂತೆ ಮೈಬಾಗಿಸುವುದು. ಹಾಗೆ ಸಾಗುತ್ತಿರುವಾಗ ಬಂಡೆಯ ಮರೆಯ ಬಲತಿರುವೊಂದರಲ್ಲಿ, ಮರದ ದಿಮ್ಮಿ ಹೇರಿಕೊಂಡ ಟ್ರ್ಯಾಕ್ಟರೊಂದು ನನ್ನ ಪಥದಲ್ಲಿಯೇ, ನನ್ನ ಮುಂದೆ, ಹೆಚ್ಚುಕಡಮೆ ನಿಂತಂತೆ ಏರುತ್ತಿತ್ತು. ಎದುರಿನಿಂದ ಕಾರೊಂದು ಇಳಿಯುತ್ತಿತ್ತು. ದಾಟುವಂತಿಲ್ಲ, ನಿಲ್ಲಿಸಲೇಬೇಕು. ನಾನು ಬ್ರೇಕು ಹಿಡಿದೆ. ಸಾಮಾನ್ಯ ಬೈಕುಗಳಂತೆ ಮೂಗು ಕೆಳಗಿಕ್ಕದೆ, ವಾಲಿದ ಭಂಗಿಯಲ್ಲಿಯೇ ಚಕ್ರ ಜಾರದಂತೆ ಕಾಯ್ದುಕೊಂಡು, ಆ ಬೈಕು ದಿಮ್ಮಿಗಳಿಂದ ಐದಾರು ಮೀಟರ್ ಹಿಂದೆ ನಿಂತಿತು. ಯಂತ್ರದ ಗುಣ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ನನ್ನನ್ನು ಕಾಪಾಡಿದ್ದು ಅದಕ್ಕಿಂತ ಮೊದಲೇ ಆಗಿದ್ದ ಒಂದು ಲೆಕ್ಕ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವ ವೇಗದಲ್ಲಿ ಮಾತ್ರ ಹೋಗಬೇಕೆಂಬುದು ಅಲ್ಲಿಯ ಕಾನೂನು. ಏಕೆ ಹಾಗೆ ಎಂಬುದು ನಮ್ಮ ಮಾಸ್ತರರ ಪಾಠ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೆ 50ರ ವೇಗದಿಂದ ನಿಲ್ಲಲು ಸುಮಾರು ಹನ್ನೆರಡು ಮೀಟರ್ ಸಾಕು, 100ರಿಂದ ನಿಲ್ಲಲು ಸುಮಾರು ನಲವತ್ತೆಂಟು ಬೇಕು. ಬ್ರೇಕು ಹಿಡಿಯಬೇಕೆಂದು ಮನಸ್ಸಿಗೆ ಹೊಳೆಯುವ ಒಂದು ಕ್ಷಣದಲ್ಲಿ ಸಾಗುವ ದೂರ ಬೇರೆ. ಇಮ್ಮಡಿಯಾದರೆ ನಾಲ್ಮಡಿ.

ಘಾಟಿಯ ನೆತ್ತಿಯಾಚೆ ವಾಲ್ಖೆನ್ ಸರೋವರದ ದಡದಲ್ಲಿ ಬೈಕನ್ನು ನಿಲ್ಲಿಸಿ ಹೆಲ್ಮೆಟ್ಟು ತೆಗೆದೆ. ಈ ಸರೋವರಕ್ಕೂ ಕೆಳಗಿನ ಕೋಖೆಲ್ ಸರೋವರಕ್ಕೂ ಸುಮಾರು 200 ಮೀಟರ್ ಎತ್ತರದ ಅಂತರ. ಮೇಲಿನ ನೀರನ್ನು ದೊಡ್ಡ ಕೊಳವೆಗಳಲ್ಲಿ ಕೆಳಗಿಳಿಸಿ 1924ರಿಂದಲೂ ಅಲ್ಲಿ ವಿದ್ಯುತ್ತು ಉತ್ಪಾದಿಸುತ್ತಿದ್ದಾರೆ. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುವುದು, ಚಲನ ಶಕ್ತಿ ವಿದ್ಯುಚ್ಛಕ್ತಿಯಾಗುವುದು. ನೀಲಿ ನೀರನ್ನು ನೋಡುತ್ತ ಇದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿರುವಾಗಲೇ ಊರಿನಿಂದ ತಂಗಿಯ ಕರೆ ಬಂದಿತು. ಅಲ್ಲಿ ನಡುಹಗಲು, ಊರಿನಲ್ಲಿ ಮೂರೂವರೆ ಗಂಟೆ, ಶಾಲೆ ಬಿಡುವ ಹೊತ್ತಿಗೆ ಹತ್ತಿರ.

"ಅಣ್ಣಾ, ಮಗಳನ್ನು ಎಂಟಕ್ಕೆ ಕನ್ನಡಕ್ಕೆ ಹಾಕುದಾ, ಇಂಗ್ಲಿಷಿಗೆ ಹಾಕುದಾ? ಇವರು ಇಂಗ್ಲಿಷ್ ಹೇಳ್ತಾರೆ. ಅವಳು ಗೆಳತಿಯರೊಟ್ಟಿಗೆ ಕನ್ನಡಕ್ಕೇ ಹೋಗ್ತೇನೆ ಹೇಳ್ತಾಳೆ. ನಮಗೆ ಒಂದೂ ಗೊತ್ತಾಗುದಿಲ್ಲ. ನೀನು ಹೊರಗೆ ಇದ್ದವ, ನೀನೇ ಹೇಳು" ಎಂದಳು.

ಗಡಿನಾಡಿನ ಯಾವ ಕನ್ನಡ ಮನೆಯಲ್ಲಿ ಈ ಪ್ರಶ್ನೆ ಎದ್ದಿಲ್ಲ? ಇದಕ್ಕೆ ಭಾಷಾಭಿಮಾನದ ಉತ್ತರ ಕೊಡುವುದು ಸುಲಭ. ಆ ಅಭಿಮಾನದ ಬೆಲೆಯನ್ನು ತೆರಬೇಕಾದವಳು ಹದಿಮೂರು ವರ್ಷದ ಹುಡುಗಿ. ಆದುದರಿಂದ ನಾನು ನನ್ನ ಮೈಗೆ ಗೊತ್ತಿದ್ದುದನ್ನಷ್ಟೇ ಹೇಳಿದೆ. ಕನ್ನಡದಿಂದ ಇಂಗ್ಲಿಷಿಗೆ ದಾಟಿದಾಗ ನನಗೆ ಕಷ್ಟವಾದದ್ದು ನಿಜ. ಮೊದಲ ಆರು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಆ ಕಷ್ಟ ಹೆಸರುಗಳದಾಗಿತ್ತು, ವಿಷಯದ್ದಲ್ಲ. ಒಂದು ಶಬ್ದದ ಬದಲು ಇನ್ನೊಂದನ್ನು ಕಲಿಯಲು ಆರು ತಿಂಗಳು ಸಾಕು. ಮೂವತ್ತು ದಾಟಿದ ಮೇಲೆ ಅದನ್ನೇ ಜರ್ಮನಿನಲ್ಲಿ ಮತ್ತೊಮ್ಮೆ ಮಾಡಿದೆ. ವಿಷಯವೇ ತಿಳಿಯದೆ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಉರುಹೊಡೆದವರು ಮುಂದೆ ಪಟ್ಟ ಪಾಡನ್ನು ಕಾರ್ಖಾನೆಯಲ್ಲಿ ಕಂಡಿದ್ದೇನೆ. ಅಂದು ಆ ತಿರುವಿನಲ್ಲಿ ಯೋಚಿಸಲು ಸಮಯವಿರಲಿಲ್ಲ. ಮೂರು ಭಾಷೆಗಳಲ್ಲಿ ಹೆಸರು ಗೊತ್ತಿದ್ದ ಸಂಗತಿಯೊಂದು ಕೆಲಸಕ್ಕೆ ಬಂದದ್ದು ಮೊದಲು ಅರ್ಥವಾದ ಭಾಷೆಯಲ್ಲಿ. "ಚೆನ್ನಾಗಿ ವಿವರಿಸುವ ಟೀಚರು ಎಲ್ಲಿದ್ದಾರೆ, ಅವಳು ಎಲ್ಲಿ ಹೆದರದೆ ಪ್ರಶ್ನೆ ಕೇಳ್ತಾಳೆ, ಅಲ್ಲಿಗೆ ಹಾಕು. ಜೊತೆಗೆ ಇಂಗ್ಲಿಷನ್ನು ಬಿಡಬೇಡ, ದಿನಾ ಓದಿಸು" ಎಂದೆ. ಅವಳು "ಆಯ್ತು" ಎಂದಳು, ತೀರ್ಮಾನ ಅವರದು.

ಸಂಜೆ ಬೈಕನ್ನು ಹಿಂದಿರುಗಿಸಿದೆ. ಕೊಂಡಿರಾ ಎಂದು ಕೇಳುವವರಿಗೆ: ಇಲ್ಲ. ಓಡುವಾಗ ಹೂವಿನಷ್ಟು ಹಗುರವಾದ ಆ ಬೈಕನ್ನು ದಿನದಿನವೂ ಇಳಿಜಾರಿನ ಗ್ಯಾರೇಜಿನಿಂದ ಹಿಂದಕ್ಕೆ ತಳ್ಳಲು ನನ್ನ ಮೊಣಕಾಲು ಒಪ್ಪಲಿಲ್ಲ. ಅದರ ಬೆಲೆಗೆ ನನ್ನ ಪತ್ನಿ ಒಪ್ಪಲಿಲ್ಲ. ಇಟಲಿಗೆ ರೈಲಿನಲ್ಲಿ ಹೋಗಿಬಂದೆವು. ಹಳೆಯ 650 ಇನ್ನೂ ಓಡುತ್ತಿದೆ.

ಊರಿಗೆ ಬಂದಾಗ ನಮ್ಮ ಶಾಲೆಯ ಎಳೆಯರು ಈಗ ಆರು ಪಥಗಳಾಗುತ್ತಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಲ್ಲಿ ಹಾರಿಹೋಗುವುದನ್ನು ಕಾಣುತ್ತೇನೆ. ಅವರ ಬೈಕುಗಳೂ ಈಗ ಸಾಮಾನ್ಯವಲ್ಲ. ಬಿಎಂಡಬ್ಲ್ಯು ಮತ್ತು ಟಿವಿಎಸ್ ಸಂಸ್ಥೆಗಳ 2013ರ ಒಪ್ಪಂದದ ಫಲವಾಗಿ 310 ಶ್ರೇಣಿಯ ಬೈಕುಗಳು ನಮ್ಮಂತೆಯೇ ಗಡಿನಾಡಾದ ಹೊಸೂರಿನಲ್ಲಿ ತಯಾರಾಗಿ ಪರದೇಶಗಳಿಗೂ ಹೋದವು. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಚಕ್ರ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಆದರೆ ಯಾವ ಯಂತ್ರವೂ ವರ್ಗದ ನಿಯಮವನ್ನು ಬದಲಾಯಿಸಲಾರದು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಈ ಹಳೆ ವಿದ್ಯಾರ್ಥಿಯ ಸಲುವಾಗಿ ಒಮ್ಮೆ 'ಇಮ್ಮಡಿಯಾದರೆ ನಾಲ್ಮಡಿ' ಎಂದು ಹೇಳಿಕೊಂಡರೆ ಮಾಸ್ತರರಿಗೆ ಗುರುದಕ್ಷಿಣೆ ಸಂದಂತೆ.

ತಂಗಿಯ ಮಗಳು ಕೊನೆಗೆ ಕನ್ನಡ ಮಾಧ್ಯಮಕ್ಕೇ ಸೇರಿದಳು. 2025ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪ್ಲಸ್ ವನ್ ವಿಜ್ಞಾನಕ್ಕೆ ಹೋದಳು. ಮೊದಲ ತಿಂಗಳುಗಳಲ್ಲಿ ಅವಳಿಗೂ ಕಷ್ಟವಾಯಿತು, ಮುಚ್ಚಿಡುವುದಿಲ್ಲ. ಒಂದು ರಾತ್ರಿ ಫೋನು ಮಾಡಿ, "ಮಾವ, ಫ್ರಿಕ್ಷನ್ ಅಂದ್ರೆ ನಮ್ಮ ಘರ್ಷಣೆಯೇ ಅಲ್ವಾ? ಇಷ್ಟೇಯಾ! ನಾನು ಬೇರೆ ಏನೋ ಅಂತ ಹೆದರಿದ್ದೆ" ಎಂದು ನಕ್ಕಳು.

ಶತಮಾನೋತ್ಸವದ ಸಂಚಿಕೆಗೆ ಲೇಖನ ಬರೆಯುವವರು ಈಗ ಇದೇ ಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತಿರಲಿ ಎಂದು ಹಾರೈಸುತ್ತೇನೆ.